ಪಾಲಾಕ್ಷಿಯ ಓದು ಮುಗಿಯುವವರೆಗೆ

ಚಿತ್ರದುರ್ಗ
ಕೊಸರು ತಿಂಗಳ ಇಪ್ಪತ್ತೊಂದು, ೨೧೮೧

ಕೋಚ್ ಶೈಲಜಾ ತಿಪ್ಪೇರುದ್ರಪ್ಪ ಅವರಿಗೆ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ಒಂದೊಂದಕ್ಕೂ ಇಪ್ಪತ್ತೆಂಟು ದಿನ. ಹದಿಮೂರನೆಯದಕ್ಕೆ ಸರ್ಕಾರ ಏನೋ ಗಂಭೀರವಾದ ಹೆಸರಿಟ್ಟಿತ್ತು. ತರಕಾರಿಯವಳು ತೂಕದ ಮೇಲೆ ಎರಡು ಹೆಚ್ಚಿಗೆ ಹಾಕುವ ಹಾಗೆ ಬಂದ ತಿಂಗಳಾದ್ದರಿಂದ ಜನ ಅದನ್ನು ಕೊಸರು ತಿಂಗಳು ಎಂದರು, ಆ ಹೆಸರೇ ಉಳಿಯಿತು. ನನ್ನ ಭಾಷೆಯ ಬಗ್ಗೆಯೂ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಅಂಥ ಶಾಲೆಗಳು ಇನ್ನೂ ಇವೆ, ಫೀಸಿನ ಬಗ್ಗೆ ಜಗಳವೂ ಇದೆ. ನಿಮ್ಮ ಕಾಲದ ಕನ್ನಡವನ್ನು ನಲವತ್ತು ದಾಟಿದ ಮೇಲೆ ಕಾಲೇಜಿನ ಗ್ರಂಥಾಲಯದ ಹಳೆಯ ಪತ್ರಿಕೆಗಳಿಂದ ಕಲಿತೆ. ಎಲ್ಲಾದರೂ ಮಾತು ತೀರಾ ಬಿಗಿಯಾಗಿದ್ದರೆ ತಪ್ಪು ನಿಮ್ಮ ವರದಿಗಾರರದ್ದು.

ನಿಮ್ಮ ಪರಿಚಯವಾದದ್ದೂ ಅಲ್ಲೇ. ಒಂದು ಹರಿದ ಪುಟದಲ್ಲಿ ನಿಮ್ಮ ಫೋಟೋ ಇದೆ, ಸುತ್ತ ಹನ್ನೆರಡು ಹುಡುಗಿಯರು. 'ದುರ್ಗದ ಕಾಲೇಜಿಗೆ ಮತ್ತೆ ಬ್ಯಾಸ್ಕೆಟ್‌ಬಾಲ್ ಕಪ್: ಕೋಚ್ ಇನ್ನೆಷ್ಟು ದಿನ?' ಎಂಬುದು ತಲೆಬರಹ. ದೊಡ್ಡ ಊರಿನ ದೊಡ್ಡ ವಿಶ್ವವಿದ್ಯಾಲಯವೊಂದು ನಿಮ್ಮನ್ನು ಕರೆದಿದೆಯಂತೆ. ನೀವು ಉಳಿಯುತ್ತೀರಾ ಎಂದು ವರದಿಗಾರ ಕೇಳಿದ್ದಾನೆ. 'ಸದ್ಯಕ್ಕೇನೂ ಹೇಳಲಾರೆ, ನೋಡೋಣ' ಎಂದಿದ್ದೀರಿ. ಅಲ್ಲಿಂದ ಕೆಳಗೆ ಪುಟವಿಲ್ಲ. ನೀವು ಉಳಿದಿರೋ ಹೋದಿರೋ ನನಗೆ ಗೊತ್ತಿಲ್ಲ, ಹುಡುಕಲೂ ಇಲ್ಲ. ಇನ್ನೂ ತೀರ್ಮಾನ ಮಾಡಿರದ ಒಬ್ಬರಿಗೇ ಈ ಪತ್ರ ಬರೆಯಬೇಕೆನಿಸಿತು.

ನಿಮ್ಮ ಕಾಲದಲ್ಲಿ ಗೆದ್ದ ಕೋಚನ್ನು ದೊಡ್ಡ ಊರು ಎಳೆದುಕೊಳ್ಳುತ್ತಿತ್ತು. ನಮ್ಮಲ್ಲಿ ಕಾನೂನೇ ತಳ್ಳುತ್ತದೆ. ಅದರ ಹೆಸರು ಹಂಚಿಕೆ. ರಾಜ್ಯದ ಕಪ್ಪನ್ನು ಸತತ ಮೂರು ಸಲ ಗೆದ್ದ ಕೋಚನ್ನು, ಆ ವರ್ಷ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತ ಕಾಲೇಜಿಗೆ ಕಳಿಸಲಾಗುತ್ತದೆ. ಆ ಆದೇಶಕ್ಕೆ ಸಾಗುಪತ್ರ ಎನ್ನುತ್ತಾರೆ, ಬಣ್ಣ ಹಳದಿ. ಸೋತವರನ್ನು ಯಾರೂ ಅಲ್ಲಾಡಿಸುವುದಿಲ್ಲ. ಬಯಲುಸೀಮೆಯ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸೆಮಿಫೈನಲ್‌ನಲ್ಲೇ ಸೋಲುತ್ತ ಬಂದ ಕೋಚ್ ಒಬ್ಬರಿದ್ದಾರೆ. ಮನೆ ಕಟ್ಟಿಸಿ, ಹಿತ್ತಲಲ್ಲಿ ನುಗ್ಗೆ ಬೆಳೆಸಿ, ನೆಮ್ಮದಿಯಾಗಿದ್ದಾರೆ. ಇದು ಕೆಟ್ಟ ಕಾನೂನು ಎಂದು ಹೇಳುವುದು ನನಗೆ ಸುಲಭವಲ್ಲ. ಹದಿನೆಂಟರಲ್ಲಿ ನಾನು ಕೊಪ್ಪಳದ ಕಡೆಯ ಒಂದು ಕಟ್ಟಕಡೆಯ ತಂಡದಲ್ಲಿ ಆಡುತ್ತಿದ್ದೆ. ಹಂಚಿಕೆಯಲ್ಲಿ ಬಂದ ಕೋಚ್ ಒಬ್ಬರು ನನ್ನ ಮೊಣಕೈ ಹಿಡಿದು ನೇರ ಮಾಡದಿದ್ದರೆ ಇಂದು ನಾನು ಈ ಪತ್ರ ಬರೆಯುತ್ತಿರಲಿಲ್ಲ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಈ ಕಾನೂನಿನ ಪರವಾಗಿ ವೇದಿಕೆ ಹತ್ತಿ ಮಾತಾಡಿದ್ದೇನೆ, ಚಪ್ಪಾಳೆಯೂ ಬಿದ್ದಿತ್ತು.

ದುರ್ಗಕ್ಕೆ ಬಂದು ಆರು ವರ್ಷವಾಯಿತು. ನಮ್ಮ ದಿನ ನಿಮಗೆ ವಿಚಿತ್ರವೆನಿಸಬಹುದು. ಬೆಳಗಿನ ಒಂಬತ್ತರಿಂದ ಸಂಜೆ ಐದರವರೆಗೆ ಉರಿಹೊತ್ತು. ಆಗ ಬೀದಿಗೆ ಇಳಿದವರನ್ನು ಪೊಲೀಸರು ಬೈದು ಮನೆಗೆ ಕಳಿಸುತ್ತಾರೆ. ತರಗತಿಗಳು ನೆಲದಡಿಯ ಕೋಣೆಗಳಲ್ಲಿ ನಡೆಯುತ್ತವೆ, ನಮ್ಮ ಅಭ್ಯಾಸ ಬೆಳಗಿನ ಐದಕ್ಕೆ ಶುರುವಾಗುತ್ತದೆ. ಅಂಗಳ ಬೆಟ್ಟದ ಬುಡದಲ್ಲಿದೆ, ಎರಡು ದೊಡ್ಡ ಬಂಡೆಗಳ ನಡುವೆ. ಎಂಟರವರೆಗೆ ಅಲ್ಲಿ ಬಂಡೆಯ ನೆರಳಿರುತ್ತದೆ. ನೆರಳಿನ ಅಂಚು ಪೂರ್ವದ ರಿಂಗಿನ ಕಂಬವನ್ನು ಮುಟ್ಟಿದರೆ ಅಭ್ಯಾಸ ಮುಗಿಯಿತೆಂದು ಲೆಕ್ಕ. ಮೇಲೆ ಗಾಳಿಕಂಬಗಳು ತಿರುಗುತ್ತವೆ. ಗಾಳಿ ಯಾವ ಕಡೆಯಿಂದಿದೆ ಎಂದು ಅವನ್ನು ನೋಡಿ ನಮ್ಮ ಹುಡುಗಿಯರು ದೂರದ ಚೆಂಡು ಎಸೆಯುತ್ತಾರೆ, ಹೊರಗಿನ ತಂಡಗಳಿಗೆ ಈ ಗುಟ್ಟು ಇನ್ನೂ ತಿಳಿದಿಲ್ಲ. ಅಭ್ಯಾಸ ಮುಗಿದ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಆಟಗಾರರಿಗೆ ಅದು ಒಳ್ಳೆಯದಲ್ಲ ಎಂದು ಆರು ವರ್ಷದಿಂದ ಹೇಳುತ್ತ, ಆರು ವರ್ಷದಿಂದ ನಾನೂ ತಿನ್ನುತ್ತಿದ್ದೇನೆ.

ಹೆಸರುಗಳ ವಿಷಯ ಒಂದು ಹೇಳಬೇಕು. ನಿಮ್ಮ ಕಾಲದಲ್ಲಿ ಅಜ್ಜಿಯರಿಗಿದ್ದ ಹೆಸರುಗಳು ಈಗ ತೀರಾ ಹೊಸ ಫ್ಯಾಶನ್. ನಮ್ಮ ನಾಯಕಿ ಕರಿಬಸಮ್ಮನಿಗೆ ಇಪ್ಪತ್ತೊಂದು, ಕೊನೆಯ ವರ್ಷದವಳು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು ಪಾಲಾಕ್ಷಿ. ಅವಳನ್ನು ಹೋದ ವರ್ಷ ನಾನೇ ಕರೆತಂದೆ. ಬೆಟ್ಟದ ಆಚೆ ಗಾಳಿಕಂಬ ರಿಪೇರಿ ಮಾಡುವವರ ಹಟ್ಟಿಯವಳು. ಹದಿನೇಳಕ್ಕೇ ಕಂಬ ಹತ್ತುವ ಕೆಲಸಕ್ಕೆ ಮನೆಯವರು ಅವಳ ಹೆಸರು ಬರೆಸಿದ್ದರು. ಅವಳ ತಾಯಿ ನನಗೆ ಚಹಾ ಕೊಟ್ಟು, ಎದುರಿಗೆ ಕೂತು, ಒಂದೇ ಪ್ರಶ್ನೆ ಕೇಳಿದರು.

"ನೀನು ಎಷ್ಟು ದಿನ ಇರ್ತೀಯವ್ವ? ನನ್ ಮಗಳನ್ನ ಕರ್ಕಂಡೋಗಿ, ಆಮೇಲೆ ನೀನು ಹೊಂಟೋದ್ರೆ?"

"ಇವಳ ಓದು ಮುಗಿಯೋವರೆಗೂ ಇರ್ತೀನಮ್ಮ" ಎಂದೆ.

ಆ ಹೊತ್ತಿಗೆ ಒಂದು ಕಪ್ ನನ್ನ ಹೆಸರಿನಲ್ಲಿತ್ತು, ಎರಡನೆಯದರ ಫೈನಲ್ ಹತ್ತಿರ ಬಂದಿತ್ತು. ಹೀಗೇ ಗೆಲ್ಲುತ್ತ ಹೋದರೆ ಪಾಲಾಕ್ಷಿಯ ಮೊದಲ ವರ್ಷ ಮುಗಿಯುವಾಗಲೇ ಹಳದಿ ಕಾಗದ ಬರುತ್ತದೆಂದು ನನಗೆ ಗೊತ್ತಿತ್ತು. ಆದರೂ ಹೇಳಿದೆ. ಹುಡುಗಿ ಬರಬೇಕಿತ್ತು, ಹೇಳಿದೆ. ಅದನ್ನು ಸುಳ್ಳು ಎಂದು ಕರೆಯಲು ನನಗೆ ಒಂದು ವರ್ಷ ಹಿಡಿಯಿತು.

ಎರಡನೆಯ ಕಪ್ ಗೆದ್ದೆವು. ಈ ತಿಂಗಳ ಎರಡರಂದು ಮೂರನೆಯ ಫೈನಲ್, ಕಾರವಾರದ ಮೇಲೆ. ಗಡಿಯಾರ ಸೊನ್ನೆಗೆ ಬಂದಾಗ ನಾವು ಅರವತ್ತೊಂದು, ಅವರು ಅರವತ್ತೆರಡು. ಕೊನೆಯ ಗಳಿಗೆಯಲ್ಲಿ ಕರಿಬಸಮ್ಮನ ಮೇಲೆ ಫೌಲ್ ಆಗಿದ್ದರಿಂದ ಅವಳಿಗೆ ಎರಡು ಫ್ರೀ ಥ್ರೋ, ಎರಡೂ ಬಿದ್ದರೆ ಕಪ್ ನಮ್ಮದು. ನೂರಕ್ಕೆ ತೊಂಬತ್ತೊಂದು ಹಾಕುವ ಹುಡುಗಿ. ಎರಡೂ ಬೀಳಲಿಲ್ಲ. ಸೋತೆವು. ಹುಡುಗಿಯರು ಗೋಳೋ ಎಂದು ಅತ್ತರು. ನಾನು ಒಬ್ಬೊಬ್ಬಳ ಬೆನ್ನು ಸವರುತ್ತ ನಿಂತಿದ್ದೆ. ಸಾಗುಪತ್ರ ತಪ್ಪಿತಲ್ಲ ಎಂದು ಒಳಗೊಳಗೇ ಎಷ್ಟು ಖುಷಿಯಾಗಿತ್ತೆಂದರೆ, ಅದು ಮುಖದಲ್ಲಿ ಕಾಣದಿರಲೆಂದು ನೆಲ ನೋಡುತ್ತಿದ್ದೆ.

ವಾಪಸು ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಪಿಸುಮಾತು ಕೇಳಿಸಿತು. "ಅಳೋದು ಜಾಸ್ತಿ ಆಯ್ತು ಕಣೇ. ಮೇಡಂಗೆ ಗೊತ್ತಾಗುತ್ತೆ."

ಆಗ ಆ ಎರಡು ಎಸೆತಗಳನ್ನು ಮನಸ್ಸಿನಲ್ಲೇ ಮತ್ತೆ ನೋಡಿದೆ. ದಣಿದ ಕೈಯ ಚೆಂಡು ರಿಂಗಿನ ಮುಂದೆ ಬೀಳುತ್ತದೆ. ಹೆದರಿದ ಕೈಯದು ಪಕ್ಕಕ್ಕೆ ಹೋಗುತ್ತದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಕರಿಬಸಮ್ಮನ ಎರಡು ಚೆಂಡುಗಳೂ ರಿಂಗಿನ ಹಿಂಬದಿಯ ಒಂದೇ ಜಾಗಕ್ಕೆ ಬಡಿದು ಒಂದೇ ಎತ್ತರಕ್ಕೆ ಹಾರಿದ್ದವು. ಹಾಗೆ ತಪ್ಪಲು ತುಂಬ ಚೆನ್ನಾಗಿ ಆಡಲು ಬರಬೇಕು.

ಮಾರನೆಯ ಬೆಳಿಗ್ಗೆ ಅವಳನ್ನು ಬಂಡೆಯ ಮರೆಗೆ ಕರೆದು ಕೇಳಿದೆ. "ಎರಡೂ ಒಂದೇ ಜಾಗಕ್ಕೆ ಬಡಿದವಲ್ಲ, ಬಸಮ್ಮ?"

"ಪ್ರತಿಸಲ ಒಂದೇ ಥರ ಎಸೀಬೇಕು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ, ಮೇಡಂ."

"ನಗಬೇಡ. ನಾಲ್ಕು ವರ್ಷ ಬೆವರು ಸುರಿಸಿದೀಯ. ಇದು ನಿನ್ನ ಕೊನೇ ಫೈನಲ್."

"ಕಪ್ ತಗೊಂಡು ಏನ್ ಮಾಡ್ಲಿ? ಅದ್ರಲ್ಲಿ ಮಂಡಕ್ಕಿ ಕಲಸಿಕೊಂಡು ತಿನ್ಲಾ?" ಆಮೇಲೆ ದನಿ ತಗ್ಗಿಸಿದಳು. "ನೀವು ಪಾಲಾಕ್ಷಿ ಅವ್ವಂಗೆ ಮಾತು ಕೊಟ್ಟಿದೀರಂತೆ. ಗೆದ್ರೆ ನಿಮ್ ಮಾತು ಸುಳ್ಳಾಗ್ತಿತ್ತು. ಅದಕ್ಕೇ ಎಲ್ಲರೂ ಕೂತು ಮಾತಾಡ್ಕೊಂಡ್ವಿ."

ನೋಡಿ, ನನ್ನ ಸುಳ್ಳನ್ನು ನಿಜ ಮಾಡಲು ಹನ್ನೆರಡು ಹುಡುಗಿಯರು ತಮ್ಮ ಕಪ್ಪನ್ನು ಬಿಟ್ಟುಕೊಟ್ಟಿದ್ದರು.

ಒಂಬತ್ತು ದಿನ ಸುಮ್ಮನಿದ್ದೆ. ಒಳ್ಳೆಯ ಕಾರಣಗಳು ನನ್ನ ಹತ್ತಿರ ಬೇಕಾದಷ್ಟಿದ್ದವು. ಮಕ್ಕಳ ಪ್ರೀತಿ, ಪಾಲಾಕ್ಷಿಯ ಓದು, ಕಾರವಾರದವರ ಸಂತೋಷ. ಆದರೆ ಮುಂದೆ ಏನು ಮಾಡುತ್ತಾರೆ? ಮತ್ತೆ ಮೂರು ಗೆಲುವು ಕೂಡುವ ಹೊತ್ತಿಗೆ ಮತ್ತೆ ಯಾರೋ ಒಬ್ಬಳು ರಿಂಗಿನ ಹಿಂಬದಿಗೆ ಗುರಿಯಿಡಬೇಕು. ಪ್ರೀತಿಸಿದವರನ್ನು ಉಳಿಸಿಕೊಳ್ಳಬೇಕಾದರೆ ಸೋಲಬೇಕು ಎಂಬ ಪಾಠವನ್ನು ನನ್ನ ಅಂಗಳದಲ್ಲಿ, ನನ್ನ ಕಣ್ಣೆದುರಿಗೇ ಕಲಿಯುತ್ತಾರೆ. ಹೆಣ್ಣುಮಕ್ಕಳಿಗೆ ಆ ಪಾಠ ಹೇಳಿಕೊಡಲು ಕೋಚ್ ಬೇಕಾಗಿಲ್ಲ. ನಿಮ್ಮ ಕಾಲದಲ್ಲೂ ಬೇಕಾಗಿರಲಿಲ್ಲ ಎಂದು ನನ್ನ ಊಹೆ.

ಹತ್ತನೆಯ ದಿನ ಹಂಚಿಕೆ ಮಂಡಳಿಗೆ ಬರೆದೆ. ಕೊನೆಯ ಎರಡು ಎಸೆತಗಳು ನಿಜವಾದವಲ್ಲ. ಹುಡುಗಿಯರು ಹೀಗೆ ಮಾಡಿದ್ದು ನಾನು ಆಡಿದ ಒಂದು ಮಾತಿನಿಂದ. ಶಿಕ್ಷೆ ಇದ್ದರೆ ನನಗಿರಲಿ, ಎಸೆತಗಳನ್ನು ಮತ್ತೆ ಮಾಡಿಸಿ ಎಂದು. ಮಂಡಳಿಯ ಅಧಿಕಾರಿ ನಾಗಭೂಷಣ ಹಿರೇಕುಡಿ ಎಂಬವರು ಉರಿಹೊತ್ತಿನಲ್ಲೇ, ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಬಂದರು. ಸಜ್ಜನರು.

"ಬಾಯಿ ಮುಚ್ಕೊಂಡಿದ್ರೆ ಇಲ್ಲೇ ಆರಾಮಾಗಿ ಇರಬಹುದಿತ್ತಲ್ಲ ಮೇಡಂ. ಈಗ ನೋಡಿ, ಅವಳು ಹಾಕಿದ್ರೆ ನಾನೇ ಕೈಯಾರೆ ನಿಮಗೆ ಹಳದಿ ಕಾಗದ ಕೊಡಬೇಕು."

"ಕೊಡಿ. ನಾನು ಹೋಗಲ್ಲ."

"ಹೋಗದಿದ್ರೆ ಮೂರು ವರ್ಷ ಕೋಚ್ ಕೆಲಸವೇ ಇಲ್ಲ, ಎಲ್ಲೂ ಇಲ್ಲ. ಗೊತ್ತಲ್ಲ?"

"ಗೊತ್ತು. ಆ ಕಾನೂನಿನ ಪರವಾಗಿ ಭಾಷಣ ಮಾಡಿದವಳೇ ನಾನು."

ಅವರು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, "ನಿಮ್ಮಂಥವರಿಂದಲೇ ನಮಗೆ ಬಿಸಿಲಲ್ಲಿ ಓಡಾಟ" ಎಂದು ಗೊಣಗಿದರು.

ಕಾರವಾರದ ಕೋಚ್ ಒಪ್ಪುವುದಿಲ್ಲವೆಂದು ಎಲ್ಲರೂ ಎಣಿಸಿದ್ದರು. ಅವರೇ ಎಲ್ಲರಿಗಿಂತ ಮೊದಲು ಒಪ್ಪಿದರು. "ಬಿಟ್ಟುಕೊಟ್ಟ ಕಪ್ ನನ್ನ ಹುಡುಗಿಯರಿಗೆ ಯಾಕೆ? ಅವರೇನು ಪಾಪದವರಾ, ಭಿಕ್ಷೆ ತಗೊಳ್ಳೋಕೆ?" ಎಂದರಂತೆ.

ನಿನ್ನೆ ಬೆಳಿಗ್ಗೆ ಆರಕ್ಕೆ ನಮ್ಮ ಅಂಗಳದಲ್ಲೇ ಎಸೆತ. ಎರಡೂ ತಂಡದವರು, ಇಬ್ಬರು ರೆಫರಿಗಳು, ಹಿರೇಕುಡಿಯವರು, ಪಾಲಾಕ್ಷಿಯ ತಾಯಿ. ಆ ತಾಯಿಯನ್ನು ನಾನೇ ಕರೆಸಿದ್ದೆ. ಕರಿಬಸಮ್ಮ ಚೆಂಡು ಹಿಡಿದು ಗೆರೆಯ ಮೇಲೆ ನಿಂತವಳು ಎಸೆಯಲೇ ಇಲ್ಲ. ತಿರುಗಿ ನನ್ನನ್ನು ನೋಡಿದಳು.

"ಹಾಕಿದ್ರೆ ನೀವು ಹೋಗ್ತೀರ."

"ನಾನು ಹೋಗೋದು ಬಿಡೋದು ನನ್ನ ಕೆಲಸ. ನಿನ್ನ ಕೆಲಸ ರಿಂಗು" ಎಂದೆ. "ಹಾಕು."

ಹಾಕಿದಳು. ಮೊದಲನೆಯದು ರಿಂಗನ್ನೂ ಮುಟ್ಟದೆ ಒಳಗಿಳಿಯಿತು. ಎರಡನೆಯದು ಒಂದು ಸುತ್ತು ಸುತ್ತಿ, ನಮ್ಮೆಲ್ಲರ ಜೀವ ಬಾಯಿಗೆ ತಂದು, ಬಿತ್ತು. ಅರವತ್ತಮೂರು, ಅರವತ್ತೆರಡು. ಈ ಸಲ ಹುಡುಗಿಯರು ಅತ್ತದ್ದು ಚೂರೂ ಜಾಸ್ತಿಯಾಗಲಿಲ್ಲ.

ಹಿರೇಕುಡಿಯವರು ಹಳದಿ ಕಾಗದ ಕೊಟ್ಟರು. ಅದರ ಹಿಂಬದಿಯಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ನಾನು ಬರೆದೆ: 'ಪಾಲಾಕ್ಷಿಯ ಓದು ಮುಗಿಯುವುದು ೨೧೮೪ರ ಕೊಸರು ತಿಂಗಳಲ್ಲಿ. ಅಲ್ಲಿಯವರೆಗೆ ನಾನು ದುರ್ಗ ಬಿಡುವುದಿಲ್ಲ. ಅದರ ಮಾರನೆಯ ದಿನ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ.' ಸಹಿ ಹಾಕಿ ವಾಪಸು ಕೊಟ್ಟೆ. ಅವರು ಓದಿ, ಮಡಚಿ, ಜೇಬಿಗಿಟ್ಟುಕೊಂಡು, ನನ್ನ ಕೊರಳಲ್ಲಿ ನೇತಾಡುತ್ತಿದ್ದ ವಿಷಲ್‌ಗಾಗಿ ಕೈ ಚಾಚಿದರು. ಕಾನೂನು ಹಾಗಿದೆ, ಬಿಚ್ಚಿ ಕೊಟ್ಟೆ. ಪಾಲಾಕ್ಷಿಯ ತಾಯಿಗೆ ನಾನೇ ಹೋಗಿ ಹೇಳಿದೆ: ಹೋದ ವರ್ಷ ನಿಮಗೆ ಕೊಟ್ಟದ್ದು ಸುಳ್ಳು ಮಾತು, ಇವತ್ತು ಕೊಟ್ಟದ್ದು ನಿಜ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಗ್ಲೇ ನಂಗೆ ಗೊತ್ತಾಗಿತ್ತು ಬಿಡವ್ವ. ಓದ್ಲಿ ಅಂತ ಕಳಿಸ್ದೆ" ಎಂದರು.

ನನ್ನನ್ನು ಕಾಡುವುದು ಒಂದೇ. ಈ ವರ್ಷ ಕಟ್ಟಕಡೆಗೆ ನಿಂತ ಕಾಲೇಜಿನಲ್ಲಿ, ನನ್ನಂಥದೇ ಮೊಣಕೈಯ ಹುಡುಗಿಯೊಬ್ಬಳು ಒಬ್ಬ ಕೋಚಿಗಾಗಿ ಕಾಯುತ್ತಿರಬಹುದು. ನನ್ನ ಬಳಿ ಕಲಿತು ಕೋಚ್ ಆದವರಿಬ್ಬರ ಹೆಸರು ಮಂಡಳಿಗೆ ಬರೆದಿದ್ದೇನೆ. ಅಷ್ಟಕ್ಕೆ ಲೆಕ್ಕ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಆ ಹುಡುಗಿಗೆ ನಾನು ಅನ್ಯಾಯ ಮಾಡುತ್ತಿರಬಹುದು. ಆದರೂ ನಾನು ಮಾತು ಕೊಟ್ಟದ್ದು ಅವಳಿಗಲ್ಲ, ಇವಳಿಗೆ. ವಿಚಾರಣೆ ಮುಂದಿನ ವಾರ. ಕ್ಷಮೆ ಕೇಳಿದರೆ ಶಿಕ್ಷೆ ಕಡಿಮೆಯಾಗುತ್ತದಂತೆ. ಕೇಳುವುದಿಲ್ಲ.

ಶೈಲಜಾ ಅವರೇ, ನೀವು ಉಳಿಯಬೇಕೆಂದು ಕೇಳಲು ನನಗೆ ಯಾವ ಹಕ್ಕೂ ಇಲ್ಲ. ದೊಡ್ಡ ಊರು ಕರೆದರೆ ಹೋಗುವುದು ತಪ್ಪೂ ಅಲ್ಲ. ನನ್ನ ಕೋರಿಕೆ ಬೇರೆ. 'ನೋಡೋಣ' ಎನ್ನಬೇಡಿ. ಆ ಫೋಟೋದಲ್ಲಿ ನಿಮ್ಮ ಎಡಗಡೆ ನಿಂತ ಕುಳ್ಳ ಹುಡುಗಿ ಕ್ಯಾಮೆರಾ ಬಿಟ್ಟು ನಿಮ್ಮನ್ನೇ ನೋಡುತ್ತಿದ್ದಾಳೆ. ಪತ್ರಿಕೆಯವನಿಗೆ ಹೇಳುವ ಮೊದಲು, ಕಾಲೇಜಿನ ಆಡಳಿತಕ್ಕೆ ಹೇಳುವ ಮೊದಲು, ಅವಳಿಗೆ ಒಂದು ತಾರೀಖು ಹೇಳಿ. ನಾಳೆಯ ತಾರೀಖಾದರೂ ಸರಿ, ನಾಲ್ಕು ವರ್ಷದ ನಂತರದ್ದಾದರೂ ಸರಿ. ಹೇಳಿದ ಮೇಲೆ, ಯಾರು ಯಾವ ಬಣ್ಣದ ಕಾಗದ ತಂದು ಮುಂದೆ ಹಿಡಿದರೂ, ಅದನ್ನು ಒಂದು ದಿನವೂ ಅತ್ತಿತ್ತ ಸರಿಸಬೇಡಿ.

ನಮಸ್ಕಾರ. ನಾಳೆ ಐದಕ್ಕೆ ಅಭ್ಯಾಸವಿದೆ. ಕಾಗದದ ಪ್ರಕಾರ ನಾನು ಈಗ ಯಾರ ಕೋಚೂ ಅಲ್ಲ. ಬಂಡೆಯ ಮೇಲೆ ಕೂತು ಮಂಡಕ್ಕಿ ತಿನ್ನುವ ಹೆಂಗಸೊಬ್ಬಳು, "ಮೊಣಕೈ ಎತ್ತು, ಪಾಲಾಕ್ಷಿ" ಎಂದು ಕೂಗಬಾರದೆಂದು ಯಾವ ಕಾನೂನೂ ಇನ್ನೂ ಬಂದಿಲ್ಲ.

ನಿಮ್ಮ,
ಯಶೋಮತಿ ಗವಿಸಿದ್ದಪ್ಪ