ಬಿಷಪ್ಪರ ಬೆಂಚಿನಿಂದ

ಅಪ್ಪಾ,

ಲಂಡನ್ನಿನ ರೈಲಿಳಿದು ಮನೆಗೆ ಬಂದವಳು ಕೋಟು ಕೂಡ ಬಿಚ್ಚದೆ ಬರೆಯಲು ಕೂತಿದ್ದೇನೆ. ನೀವು ತೀರಿಕೊಂಡು ವರ್ಷಗಳಾದವು. ಆದರೂ ಈ ಸುದ್ದಿಯನ್ನು ಮೊದಲು ನಿಮಗೇ ಹೇಳಬೇಕು ಅನ್ನಿಸಿತು.

ಇವತ್ತು ಸಂಸತ್ತಿನ ಮೇಲ್ಮನೆಯಲ್ಲಿ, ನಮ್ಮಂಥ ಬಿಷಪ್ಪರಿಗೆಂದೇ ಮೀಸಲಾದ ಬೆಂಚಿನಿಂದ ಎದ್ದು ನಿಂತು ಮಾತಾಡಿದೆ. ಗರ್ಭಿಣಿಯನ್ನು ಜೈಲಿಗೆ ಕಳಿಸುವ ಮುನ್ನ ನ್ಯಾಯಾಧೀಶರು ಹೊಟ್ಟೆಯಲ್ಲಿರುವ ಮಗುವನ್ನೂ ನೆನೆಯಬೇಕು ಎಂಬ ತಿದ್ದುಪಡಿ ನನ್ನದೇ. ನಾನು ಭೇಟಿಗೆ ಹೋಗುವ ಜೈಲಿನಲ್ಲಿ ಕೆರೆನ್ಸಾ ಎಂಬ ಹುಡುಗಿ ಕೂಗಿ ಕೂಗಿ, ಯಾರೂ ಬಾಗಿಲು ತೆಗೆಯದೆ, ಒಬ್ಬಳೇ ಹೆತ್ತದ್ದನ್ನು ಹೇಳಿದೆ.

ಮುದುಕ ಲಾರ್ಡ್ ಹ್ಯಾಲ್‌ವರ್ದಿ ಎದ್ದರು. "ಬಿಷಪ್ಪಮ್ಮನವರು ಸಭೆ ಶುರುವಾಗೋವಾಗ್ಲೇ ಚೆನ್ನಾಗಿ ಪ್ರಾರ್ಥನೆ ಮಾಡಿಸಿದ್ರು. ಕಾನೂನು ಮಾಡೋದನ್ನ ನಮಗೆ ಬಿಟ್ಬಿಡ್ಲಿ."

ಸಭೆ ನಕ್ಕಿತು. ನಾನು ಮತ್ತೆ ಎದ್ದೆ.

"ಪ್ರಾರ್ಥನೆ ಮುಗೀತು ಸ್ವಾಮಿ. ಆದ್ರೆ ಆ ಹುಡುಗಿ ಕೂಗಿದ್ದು ದೇವರನ್ನಲ್ಲ, ನಮ್ಮನ್ನ," ಅಂದೆ.

ನಗು ನಿಂತೇಹೋಯಿತು. ಮತಕ್ಕೆ ಹಾಕಿದಾಗ ಗೆದ್ದುಬಿಟ್ಟೆವು ಅಪ್ಪಾ! ಹ್ಯಾಲ್‌ವರ್ದಿಯೇ ನಮ್ಮ ಕಡೆ ಮತ ಹಾಕಿ, ಕೋಲೂರಿಕೊಂಡು ನನ್ನ ಹತ್ತಿರ ಬಂದರು.

"ಹೀಗೆ ಮಾತಾಡೋಕೆ ಯಾರಮ್ಮಾ ಕಲಿಸಿದ್ದು?"

"ನಮ್ಮಪ್ಪ. ಹಳ್ಳಿ ಚರ್ಚಲ್ಲಿ ಪಾದ್ರಿ ಆಗಿದ್ರು."

"ಹಾಗಾದ್ರೆ ನಿಮ್ಮ ಪ್ರವಚನ ಕೇಳಿ ಹಿಗ್ಗಿರ್ತಾರೆ ಬಿಡಿ."

ಹೆಂಗಸು ಬಲಿಪೀಠದ ಮುಂದೆ ನಿಲ್ಲಬಾರದೆಂದು ನೀವು ನನ್ನ ಪಾದ್ರಿ ದೀಕ್ಷೆಗೂ ಬರಲಿಲ್ಲ, ಆಮೇಲೆ ನಾನು ಪ್ರವಚನ ಮಾಡಿದ ಯಾವ ಚರ್ಚಿಗೂ ಕಾಲಿಡಲಿಲ್ಲ ಎಂಬುದು ಅವರಿಗೇನು ಗೊತ್ತು?

"ಹೌದು," ಅಂದೆ. "ಯಾವಾಗ್ಲೂ ಮುಂದಿನ ಸಾಲಲ್ಲೇ ಕೂತಿರ್ತಿದ್ರು."

ನಿಮ್ಮ
ಪಿಪ್ಪಾ