ಎಡಗಡೆಯ ಕಾಟರ್ ಪಿನ್ನು

ಮನೆಯಿಂದ,
ಜೂನ್ ೧೨, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಅದೂ ನಿನ್ನ ಹೆಂಡತಿ ಬರೆದದ್ದರಿಂದ ಗೊತ್ತಾಯಿತು. ನೀನು ವರ್ಷಕ್ಕೊಂದು ಕಾರ್ಡಿನಲ್ಲಿ ಎರಡು ಸಾಲು ಗೀಚುವವನು. ಭಾರ ಎತ್ತಬೇಡ, ಚಾಪೆಯ ಮೇಲೆ ಮಲಗು. ನಾನು ಚೆನ್ನಾಗಿದ್ದೇನೆ. ಕಣ್ಣಂತೂ ಇನ್ನೂ ಚುರುಕಾಗಿದೆ. ಮೂವತ್ತೊಂದು ವರ್ಷ ಪತ್ರಿಕೆಯ ಕರಡು ತಿದ್ದಿದ ಅಭ್ಯಾಸ ಎಲ್ಲಿ ಹೋದೀತು, ನಿನ್ನ ಎರಡು ಸಾಲಿನಲ್ಲೂ ಮೂರು ತಪ್ಪು ಕಂಡವು.

‘ಅಪ್ಪನ ಸೈಕಲ್ ಇನ್ನೂ ಇದ್ಯಾ? ಮಗಳಿಗೆ ಬೇಕಂತೆ, ಕೊಡ್ತೀಯಾ?’ ಎಂದು ನೀನು ಕೇಳಿ ಆರು ವಾರವಾಯಿತು. ಉತ್ತರ ತಡವಾದದ್ದು ಮನಸ್ಸಿಲ್ಲದೆ ಅಲ್ಲ, ಬೆರಳಿಗಿಂತ ಚಿಕ್ಕದಾದ ಒಂದು ಕಬ್ಬಿಣದ ತುಂಡಿನಿಂದ. ಹದಿನಾರು ವರ್ಷ ಮೆಟ್ಟಿಲ ಕೆಳಗೆ ಹಳೇ ಚಾದರ ಹೊದ್ದು ನಿಂತಿದ್ದ ಸೈಕಲ್ಲನ್ನು ಅದೇ ದಿನ ಹೊರಗೆಳೆದೆ. ಒರೆಸಿದರೆ ಕಪ್ಪು ಬಣ್ಣ ಇನ್ನೂ ಮಿಂಚುತ್ತದೆ. ಬೆಲ್ಲು ಹೊಡೆದರೆ ಪಕ್ಕದ ಮನೆಯವರು ಕಿಟಕಿಯಿಂದ ಇಣುಕುತ್ತಾರೆ. ಎಡಗಡೆಯ ಪೆಡಲಿನ ಕ್ರ್ಯಾಂಕ್ ಮಾತ್ರ ಅಲುಗಾಡುತ್ತದೆ. ಅದನ್ನು ಆಕ್ಸಲಿಗೆ ಬಿಗಿಯಾಗಿ ಹಿಡಿಯಬೇಕಾದ ಕಾಟರ್ ಪಿನ್ನು ಅಪ್ಪ ಬಿದ್ದ ದಿನವೇ ಬಾಗಿ, ಅಲ್ಲೇ ತುಕ್ಕು ಹಿಡಿದು ಕೂತಿದೆ. ಮಾದರಿಗೆಂದು ಬಲಗಡೆಯ ಪಿನ್ನನ್ನು ಬಿಚ್ಚಿಸಿ, ಕರ್ಚೀಫಿನ ತುದಿಗೆ ಗಂಟು ಹಾಕಿಕೊಂಡು ಅಂಗಡಿ ಅಂಗಡಿ ಸುತ್ತಿದೆ.

ಗಾಜಿನ ಗೋಡೆಯ ದೊಡ್ಡ ಅಂಗಡಿಯವನು ಅದನ್ನು ಎರಡು ಬೆರಳಲ್ಲಿ ಹಿಡಿದು, ‘ಇದು ಹೊಲಿಗೆ ಮಷೀನಿಂದಾ ಅಜ್ಜಿ?’ ಎಂದ. ಆಮೇಲೆ, ‘ಪೂರ್ತಿ ಸೆಟ್ಟೇ ಚೇಂಜ್ ಮಾಡ್ಸಿಬಿಡಿ’ ಎಂದು ಉಪದೇಶ. ಗುಂಡಿ ಕಿತ್ತುಹೋದರೆ ಅಂಗಿಯನ್ನೇ ಬಿಸಾಡಿ ಎನ್ನುವ ಕಾಲ! ಹಾರ್ಡ್‌ವೇರ್ ಅಂಗಡಿಗೆ ಹೋದೆ. ಹಿಂದೆ ಅಲ್ಲಿ ನಲವತ್ತು ಗೂಡಿನ ಮರದ ಪೆಟ್ಟಿಗೆ ಇತ್ತು, ನೆನಪಿದೆಯಾ? ಈಗ ಅಲ್ಲಿ ಪ್ಲಾಸ್ಟಿಕ್ ಪೈಪಿನ ರಾಶಿ, ಗಲ್ಲಾದಲ್ಲಿ ಹಳೇ ಯಜಮಾನರ ಮಗ. ‘ನಿಮ್ಮಪ್ಪ ಕಣ್ಣು ಮುಚ್ಚಿಕೊಂಡು ಕೈ ಹಾಕಿ ಸರಿಯಾದ ಪಿನ್ನೇ ತೆಗೀತಿದ್ರು’ ಎಂದೆ. ‘ಅದಕ್ಕೇ ಅಕ್ಕಾ, ಅವರು ಕೊನೇವರೆಗೂ ಬಾಡಿಗೆ ಮನೇಲೇ ಇದ್ರು’ ಎಂದ ಮಗರಾಯ. ಹುಡುಕಿ ಹುಡುಕಿ ಒಂದು ಕೊಟ್ಟ. ನಮಗೆ ಬೇಕಾದದ್ದು ಒಂಬತ್ತೂವರೆ ಮಿಲಿಮೀಟರ್ ದಪ್ಪದ್ದು, ಅದು ಒಂಬತ್ತರದ್ದು. ‘ಅರ್ಧ ತಾನೇ, ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ಈ ‘ಅಡ್ಜಸ್ಟ್’ ಎಂಬ ಒಂದು ಮಾತನ್ನು ನಂಬಿಯೇ ನಾವು ಶಾಲೆ ಕಟ್ಟುತ್ತೇವೆ, ಸೇತುವೆ ಕಟ್ಟುತ್ತೇವೆ, ಬಿದ್ದಮೇಲೆ ವಿಚಾರಣೆ ಮಾಡಿಸುತ್ತೇವೆ. ಅಂಗಡಿಯಲ್ಲಿ ನಿಂತೇ ಅಷ್ಟೂ ಹೇಳಿದೆ. ಹಿಂದೆ ನಿಂತಿದ್ದ ಗಿರಾಕಿ, ‘ಅಮ್ಮಾ, ನನಗೊಂದು ಬೀಗ ಬೇಕಿತ್ತು’ ಎಂದ.

ಕಾರ್ಖಾನೆಗೂ ಮೂರು ಪತ್ರ ಬರೆದೆ. ಅಳತೆ, ಚಿತ್ರ, ಸೈಕಲ್ಲಿನ ನಂಬರು ಎಲ್ಲ ಕೊಟ್ಟಿದ್ದೆ. ‘ನಿಮ್ಮ ಆಸಕ್ತಿಗೆ ಧನ್ಯವಾದಗಳು’ ಎಂಬ ಅಚ್ಚು ಹಾಕಿದ ಕಾಗದದ ಜೊತೆ ಮಕ್ಕಳ ಮೂರು ಗಾಲಿ ಸೈಕಲ್ಲಿನ ಚಿತ್ರಪುಸ್ತಕ ಬಂತು. ಕೊನೆಗೆ ಸಿಕ್ಕಿದವರು ಅರ ಮೇಸ್ತ್ರಿ. ವರ್ಕ್‌ಶಾಪಿನಿಂದ ನಿವೃತ್ತರಾಗಿದ್ದರೂ ಜೇಬಿನಲ್ಲಿ ಕಬ್ಬಿಣ ಉಜ್ಜುವ ಅರ ಇಲ್ಲದೆ ಮನೆ ಬಿಡುವುದಿಲ್ಲವಾದ್ದರಿಂದ ಆ ಹೆಸರು. ‘ಅಂಗಡೀಲಿ ಸಿಗದಿದ್ರೆ ಹೋಗ್ಲಿ ಬಿಡಿ, ಉಕ್ಕಿನ ಕಡ್ಡಿ ಉಜ್ಜಿ ನಾನೇ ಮಾಡ್ತೀನಿ’ ಎಂದಿದ್ದಾರೆ. ಇವತ್ತು ಮಧ್ಯಾಹ್ನ ಬರುತ್ತಾರೆ.

ಅರ್ಧ ಮಿಲಿಮೀಟರಿನ ಬೆನ್ನು ಹತ್ತಿ ಯಾಕೆ ಹೀಗೆ ಅಲೆದೆ ಎಂದು ನಿನಗೆ ಹೇಳಬೇಕಾಗಿಲ್ಲ. ಅಪ್ಪ ಇಳಿಜಾರಿನಲ್ಲಿ ಬಿದ್ದು ಸೊಂಟ ಮುರಿದುಕೊಂಡದ್ದು ಇದೇ ಪಿನ್ನು ಕೈಕೊಟ್ಟದ್ದರಿಂದ. ಹಿಂದಿನ ದಿನ ಅಂಗಳದಲ್ಲಿ ಕೂತು ಸೈಕಲ್ಲಿಗೆ ಎಣ್ಣೆ ಹಾಕಿದವನು, ಸ್ಪ್ಯಾನರ್ ಹಿಡಿದಿದ್ದವನು ನೀನು. ಆಸ್ಪತ್ರೆಯ ವರಾಂಡದಲ್ಲಿ, ನೆಂಟರೆಲ್ಲರ ಎದುರಿಗೆ, ನಾನು ಒರಟಾಗಿ ಮಾತಾಡಿದೆ, ಒಪ್ಪುತ್ತೇನೆ. ‘ಪಿನ್ನು ನಾನು ಮುಟ್ಟೇ ಇಲ್ಲ ಅಕ್ಕಾ’ ಎಂದು ನೀನು ಮೂರು ಸಲ ಹೇಳಿದೆ. ‘ಸುಳ್ಳು ಬೇರೆ ಹೇಳ್ತೀಯಾ’ ಎಂದೆ. ಮರುವಾರವೇ ನೀನು ಊರು ಬಿಟ್ಟೆ. ಅಪ್ಪ ತೀರಿಕೊಂಡಾಗ ಬಂದವನು ಅಂಗಳ ದಾಟಿ ಒಳಗೆ ಬರಲಿಲ್ಲ. ನನ್ನ ನೆನಪು ಎಂಥದ್ದೆಂದು ನಿನಗೆ ಗೊತ್ತು, ಏನನ್ನೂ ಬಿಡುವುದಿಲ್ಲ. ಆದರೆ ಇದನ್ನು ಇನ್ನೂ ಹಿಡಿದುಕೊಂಡು ಕೂರಲಾರೆ. ನಿನ್ನ ತಪ್ಪನ್ನು ಕ್ಷಮಿಸಿದ್ದೇನೆ. ಸೈಕಲ್ ಸರಿಹೋದ ಕೂಡಲೇ ಲಾರಿಗೆ ಹಾಕಿಸುತ್ತೇನೆ.

ನಿನ್ನ ಹೆಂಡತಿಗೆ ನನ್ನ ನೆನಪುಗಳು. ಮಗಳು ನೂರು ಕಾಲ ಸುಖವಾಗಿರಲಿ. ಸೀಟು ಎತ್ತರವಾದರೆ ಇಳಿಸಿಕೊಡು.

ಇಂತು,
ನಿನ್ನ ಅಕ್ಕ

ತಾ.ಕ.: ಸಂಜೆ ಐದು ಗಂಟೆ. ಮೇಸ್ತ್ರಿ ಹಳೇ ಪಿನ್ನನ್ನು ಬಡಿದು ತೆಗೆದರು. ಅಂಗೈಯಲ್ಲಿಟ್ಟುಕೊಂಡು ನಕ್ಕರು. ‘ಇದು ಒಂಬತ್ತರದ್ದು. ಸಡಿಲ ಆಯ್ತು ಅಂತ ತಗಡು ಸುತ್ತಿ ಬಡ್ದಿದಾರೆ. ಯಾವ ಪುಣ್ಯಾತ್ಮರು ಇದು?’ ತಗಡು ಹಸಿರು ಬಣ್ಣದ್ದು, ನನ್ನ ಗಂಟಲು ಮಾತ್ರೆಯ ಡಬ್ಬಿಯದು. ಪ್ರೆಸ್ಸಿನ ಧೂಳಿಗೆ ದಿನವಿಡೀ ಚೀಪುತ್ತಿದ್ದೆನಲ್ಲ, ಅದು. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ನೋಡಿದ ಕ್ಷಣ ನೆನಪಾಯಿತು. ಆ ವಾರ ಸೈಕಲ್ಲನ್ನು ಕೆಲಸಕ್ಕೆ ಒಯ್ದವಳು ನಾನು. ಪ್ರೆಸ್ಸಿನ ಹಿತ್ತಿಲಲ್ಲಿ, ಊಟದ ಬಿಡುವಿನಲ್ಲಿ, ಕತ್ತರಿಯಿಂದ ಡಬ್ಬಿ ಕತ್ತರಿಸಿ, ಕಲ್ಲಿನಿಂದ ಬಡಿದು ಕೂರಿಸಿದವಳೂ ನಾನೇ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ ಬೇರೆ. ಮೇಸ್ತ್ರಿಗೆ ‘ನಂದೇ ಕೆಲಸ’ ಎಂದೆ. ಅವರು ನಗು ನಿಲ್ಲಿಸಿ ಅರ ಕೈಗೆತ್ತಿಕೊಂಡರು. ನೀನು ಮುಟ್ಟಿರಲಿಲ್ಲ. ಮೇಲೆ ಕ್ಷಮಿಸಿದ್ದೇನೆ ಎಂದಿರುವ ಸಾಲಿಗೆ ಗೀಟು ಎಳೆದಿದ್ದೇನೆ, ಓದಲು ಬರುವಂತೆಯೇ. ಸೈಕಲ್ಲನ್ನು ಲಾರಿಗೆ ಹಾಕುವುದಿಲ್ಲ. ಬುಧವಾರ ಬೆಳಗಿನ ರೈಲಿನಲ್ಲಿ ನಾನೇ ತರುತ್ತೇನೆ. ಬೈದದ್ದು ಎಲ್ಲರ ಎದುರಿಗೆ, ಇದನ್ನೂ ನಿನ್ನ ಹೆಂಡತಿ ಮಗಳ ಎದುರಿಗೇ ಹೇಳಬೇಕು. ನೀನು ಸ್ಟೇಷನ್ನಿಗೆ ಬಾರದಿದ್ದರೆ ತುಳಿದುಕೊಂಡೇ ಬರುತ್ತೇನೆ.