ಜ್ವಾಲಾಮುಖಿಯ ತಲೆಗೆ ಕಟ್ಟಿದ ನಾತ

ಜುಲೈ ೧೯, ವುಲ್ಕಾನೊ ದ್ವೀಪ

ಮೂರು ಸಲ ಸೋಪು ಹಚ್ಚಿ ತಿಕ್ಕಿದರೂ ಕೈಯ ನಾತ ಹೋಗುತ್ತಿಲ್ಲ.

ಇಲ್ಲಿನ ಜ್ವಾಲಾಮುಖಿಯ ಗಂಧಕದ ವಾಸನೆ ನನಗೆ ಹೊಸದಲ್ಲ. ಇದು ಅದಲ್ಲ. ಮಧ್ಯಾಹ್ನ ನಮ್ಮ ಹಾಯಿದೋಣಿಯ ಕಕ್ಕಸಿನ ತೊಟ್ಟಿ ತುಂಬಿತ್ತು. "ನಡುಗಡಲಿಗೆ ಯಾವನು ಹೋಗ್ತಾನೆ? ಇಲ್ಲೇ ಬಿಡೇ," ಎಂದ ಗೆಳೆಯ ಗಾಸ್ಪರೆ. ಜನ ಈಜುವ ಕೊಲ್ಲಿಯಲ್ಲೇ ನಾನು ತೊಟ್ಟಿಯ ತಿರುಪು ತಿರುಗಿಸಿ ಹೊಲಸನ್ನೆಲ್ಲ ನೀರಿಗೆ ಬಿಟ್ಟೆ.

ಮೊಮ್ಮಗಳೊಡನೆ ಈಜುತ್ತಿದ್ದ ಪರವೂರಿನ ಮುದುಕಿ ಮೂಗು ಮುಚ್ಚಿಕೊಂಡಳು. "ಅಯ್ಯೋ, ಏನಪ್ಪಾ ಈ ಗಬ್ಬು?"

"ಜ್ವಾಲಾಮುಖಿ ಗಂಧಕ ಕಣಜ್ಜಿ! ಚರ್ಮಕ್ಕೆ ಬಲು ಒಳ್ಳೇದು," ಎಂದ ಗಾಸ್ಪರೆ. ದೋಣಿಯಲ್ಲಿದ್ದ ಗೆಳೆಯರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

"ಹೌದಾ?" ಎಂದವಳೇ ಅಜ್ಜಿ ಆ ನೀರನ್ನು ಬೊಗಸೆಯಲ್ಲಿ ಮೊಗೆದು ಮಗುವಿನ ಮುಖಕ್ಕೆ ಹಚ್ಚಿದಳು. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ!"

ನಾನು ದೋಣಿಯಿಂದಲೇ ಅವಳತ್ತ ಕೈ ಬೀಸಿದೆ. ಥೂ, ತಿರುಪು ತಿರುಗಿಸಿದ್ದೂ ಇದೇ ಕೈ.